ಮೂರು ಕಡ್ಡಿ ಗೀರಿ ಪಾಸ್ ಮಾಡಿದ ಸಿನಿಮಾ

"ಇನ್ನು ಮುಂದೆ ಈ ಮನೆಯಲ್ಲಿ ನಾನು ಪಾಸ್ ಮಾಡದ ಒಂದೇ ಒಂದು ಸಿನಿಮಾ ಓಡೋದಿಲ್ಲ! ತಿಳೀತಾ?"

ಹೀಗೆಂದು ನಾನು ಘೋಷಿಸಿದ್ದು ಊಟದ ಮೇಜಿನ ಮುಂದೆ ಎದ್ದು ನಿಂತು, ಕೈಯಲ್ಲಿದ್ದ ಸೌಟನ್ನು ಮೇಲಕ್ಕೆತ್ತಿ. ಹಿಂದಿನ ಕಾಲದ ರಾಜರು ಇಂಥ ಸಂದರ್ಭದಲ್ಲಿ ಖಡ್ಗ ಎತ್ತುತ್ತಿದ್ದರಂತೆ. ನಮ್ಮ ಮನೆಯಲ್ಲಿ ಖಡ್ಗ ಇಲ್ಲ. ಸೌಟಿನಿಂದ ಇಳಿದ ಬಿಸಿ ಸೂಪು ಮೊಣಕೈವರೆಗೂ ಹರಿಯಿತು. ನಾನು ಜಗ್ಗಲಿಲ್ಲ.

"ತಿಳೀತು. ಸೌಟು ಕೆಳಗಿಡಿ," ಎಂದಳು ನನ್ನ ಹೆಂಡತಿ.

"ಅಳಿಯಂದಿರೇ, ನನ್ನ ಸೀರಿಯಲ್‌ಗೂ ಪಾಸು ತಗೋಬೇಕಾ?" ಎಂದು ಕೇಳಿದರು ಅತ್ತೆ.

ನಮ್ಮ ಅತ್ತೆ ಮಂಡಿ ಆಪರೇಷನ್ ಮಾಡಿಸಿಕೊಂಡು, ಸುಧಾರಿಸಿಕೊಳ್ಳಲೆಂದು ಮಗಳ ಮನೆಗೆ ಬಂದಿದ್ದರು. ಅವರು ನೋಡುವ ಸೀರಿಯಲ್‌ನಲ್ಲಿ ವಿಷ ಹಾಕದ ಲೋಟದಲ್ಲಿ ಒಬ್ಬರಾದರೂ ಹಾಲು ಕುಡಿದದ್ದನ್ನು ನಾನು ಈವರೆಗೆ ನೋಡಿಲ್ಲ. ನ್ಯಾಯವಾಗಿ ಅದನ್ನೇ ಮೊದಲು ನಿಲ್ಲಿಸಬೇಕಿತ್ತು.

"ನಿಮ್ಮದಕ್ಕೆ ವಿನಾಯಿತಿ ಇದೆ ಅತ್ತೆ," ಎಂದೆ. ಘೋಷಣೆಯ ಬಿಸಿ ಆರುವ ಮೊದಲೇ ವಿನಾಯಿತಿ ಕೊಡಬೇಕಾಗಿ ಬಂದದ್ದು ನನಗೂ ಬೇಸರವೇ. ಆದರೆ ಅವರ ಕೈಯಲ್ಲಿ ಊರುಗೋಲಿತ್ತು!

ಸಿನಿಮಾ ಪಾಸ್ ಮಾಡುವುದಕ್ಕೆ ಈ ಮನುಷ್ಯನಿಗೆ ಏನು ಯೋಗ್ಯತೆ ಎಂದು ನೀವು ಕೇಳಬಹುದು. ಕೇಳಿ, ಸಂತೋಷ! ನಾನು ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. ಕಡ್ಡಿ ಗೀರಿ ನೋಡುವುದೇ ನನ್ನ ಉದ್ಯೋಗ. ನಗಬೇಡಿ. ನಿಮ್ಮ ಮನೆಯ ಒಲೆ ಬೆಳಿಗ್ಗೆ ಮೊದಲ ಕಡ್ಡಿಗೇ ಹತ್ತಿದರೆ ಅದರ ಹಿಂದೆ ನನ್ನಂಥವನೊಬ್ಬನ ಬೆರಳು ಸುಟ್ಟಿರುತ್ತದೆ. ಕಾರ್ಖಾನೆಯಿಂದ ಹೊರಡುವ ಎಲ್ಲ ಕಡ್ಡಿಗಳನ್ನೂ ಗೀರಿ ನೋಡುವಂತಿಲ್ಲ. ನೋಡಿದರೆ ಮಾರುವುದಕ್ಕೆ ಬೂದಿ ಮಾತ್ರ ಉಳಿಯುತ್ತದೆ. ಅದಕ್ಕೇ ಪ್ರತಿ ಪೆಟ್ಟಿಗೆಯಲ್ಲೂ ಮೇಲಿನಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು ಕಡ್ಡಿ ಎಳೆದು ಗೀರುತ್ತೇನೆ. ಮೂರೂ ಭಗ್ಗೆಂದು ಹತ್ತಿದರೆ ಇಡೀ ಪೆಟ್ಟಿಗೆ ಪಾಸ್. ಒಂದು ಫುಸ್ಸೆಂದರೂ ಫೇಲ್! ನಾನು ಪಾಸ್ ಮಾಡಿದ ಪೆಟ್ಟಿಗೆ ಯಾವತ್ತೂ ವಾಪಸ್ ಬಂದಿಲ್ಲ. ಇಷ್ಟು ದೊಡ್ಡ ವಿದ್ಯೆಯನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಮನೆಗೆ ಬರುವುದು ನನ್ನಿಂದ ಆಗುವ ಕೆಲಸವಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಮಗಳ ಹುಟ್ಟುಹಬ್ಬ. ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು. ತೊಟ್ಟಿಲಲ್ಲಿದ್ದಾಗಲೇ ಅವಳು ಅಳುತ್ತಿರಲಿಲ್ಲ, ಆಕ್ಷೇಪಣೆ ಎತ್ತುತ್ತಿದ್ದಳು. ಆದರೆ ಈ ವರ್ಷ ಹೊಸ ಶಾಲೆಗೆ ಸೇರಿಸಿದ ಮೇಲೆ ಲಾಯರಮ್ಮನ ಬಾಯಿ ಕಟ್ಟಿತ್ತು. ಮಧ್ಯಾಹ್ನ ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಊಟದ ಡಬ್ಬಿ ತೆಗೆಯುತ್ತಿದ್ದಳಂತೆ. ಇದನ್ನು ಅವಳು ಹೇಳಲಿಲ್ಲ, ನಮಗೇ ಹೇಗೋ ಗೊತ್ತಾಯಿತು. ನಾನೂ ನನ್ನ ಹೆಂಡತಿಯೂ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಈಗ ಅಂತೂ ಇಂತೂ ತರಗತಿಯ ಕೆಲವು ಹುಡುಗಿಯರು ಅವಳ ಜೊತೆ ಮಾತಾಡಲು ಶುರು ಮಾಡಿದ್ದರು. ಅವರ ಪೈಕಿ ಎರಡು ಜಡೆಯವಳೊಬ್ಬಳು ಮುಖಂಡಳು. ಅವಳು ನಕ್ಕರೆ ಎಲ್ಲರೂ ನಗುತ್ತಾರೆ, ಅವಳು ಮೂಗು ಮುರಿದರೆ ಅಲ್ಲಿಗೆ ಮುಗಿಯಿತು. ಅವರನ್ನೆಲ್ಲ ಹುಟ್ಟುಹಬ್ಬಕ್ಕೆ ಮನೆಗೆ ಕರೆದು, ಗೋಡೆ ತುಂಬ ದೊಡ್ಡದಾಗಿ ಒಂದು ಸಿನಿಮಾ ತೋರಿಸಬೇಕೆಂದು ಲಾಯರಮ್ಮ ತೀರ್ಮಾನಿಸಿದ್ದಳು.

"ಬಾತುಕೋಳಿ ಮರೀದು ಅಪ್ಪ. ಅದರ ಮೇಲೆ 'ಎಲ್ಲರೂ ನೋಡಬಹುದು' ಅಂತ ಇದೆ. ಎದುರು ಮನೆ ಬಟಾಣೀನೂ ಬರ್ತಾಳಲ್ಲ, ಅವಳಿಗಿನ್ನೂ ಐದು."

ಬಟಾಣಿ ಎಂದರೆ ಎದುರು ಮನೆಯ ಪುಟ್ಟಿ. ಗುಂಡಗೆ ಇದ್ದಾಳೆ, ಎಲ್ಲಿಗೆ ಬೇಕಾದರೂ ಉರುಳಿಕೊಂಡು ಬರುತ್ತಾಳೆ. ಕತ್ತಲೆ ಎಂದರೆ ಆಗುವುದಿಲ್ಲ, ಬಲೂನು ಒಡೆದರೆ ಅಳುತ್ತಾಳೆ.

"ಎಲ್ಲರೂ ನೋಡಬಹುದು ಅಂತ ಹೇಳಿದ್ದು ಯಾರು?" ಎಂದೆ.

"ಅದಕ್ಕೊಂದು ಮಂಡಳಿ ಇರುತ್ತೆ. ಅವರು ಕೂತು ಪೂರ್ತಿ ಸಿನಿಮಾ ನೋಡಿ, ಎಷ್ಟು ವರ್ಷದವರಿಗೆ, ಯಾಕೆ ಅಂತ ಗುರುತು ಹಾಕ್ತಾರೆ."

"ಪೂರ್ತಿ ನೋಡ್ತಾರಾ!" ನಾನು ಗಹಗಹಿಸಿ ನಕ್ಕೆ. "ಪಾಪ, ಅವರಿಗೆ ಪರೀಕ್ಷೆ ಮಾಡೋ ಕ್ರಮವೇ ಗೊತ್ತಿಲ್ಲ!"

ಸೌಟು ಎತ್ತಿದ್ದು ಆಗಲೇ.

ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಸಣ್ಣ ಅಕ್ಷರ ಓದಿ ಓದಿ ಅವಳ ಕಣ್ಣು ಚುರುಕಾಗಿದೆ, ನಾಲಗೆ ಅದಕ್ಕಿಂತ ಚುರುಕು.

"ರೀ, ಕೆಮ್ಮಿನ ಔಷಧಿ ಬಾಟಲಿ ಮೇಲೆ ಯಾವ ವಯಸ್ಸಿಗೆ ಎಷ್ಟು ಅಂತ ಬರೆದಿರುತ್ತೆ. ಅದನ್ನ ಓದೋದು ಬಿಟ್ಟು, ಮುಚ್ಚಳ ನೆಕ್ಕಿ ನೋಡಿ, 'ಸಿಹಿಯಾಗಿದೆ, ಮಗುಗೆ ಕೊಡು' ಅಂತೀರಾ?"

"ಔಷಧಿ ಬೇರೆ, ಸಿನಿಮಾ ಬೇರೆ!"

"ಹೌದು. ಔಷಧಿ ಹೊಟ್ಟೆಗೆ ಹೋಗುತ್ತೆ, ಸಿನಿಮಾ ತಲೆಗೆ ಹೋಗುತ್ತೆ. ಯಾವುದು ಬೇಗ ಹೊರಗೆ ಬರುತ್ತೆ ನೀವೇ ಹೇಳಿ."

ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅಧ್ಯಕ್ಷರಾದವರು ತಮ್ಮ ಸ್ಥಾನದ ಗೌರವ ಕಳೆದುಕೊಳ್ಳಬಾರದು. ಹೌದು, ಆಗಲೇ ನಾನು ಗೃಹ ಸಿನಿಮಾ ಪರೀಕ್ಷಾ ಮಂಡಳಿಯ ಅಧ್ಯಕ್ಷನಾಗಿದ್ದೆ. ಕಾರ್ಯದರ್ಶಿ, ಖಜಾಂಚಿ, ಸದಸ್ಯರು ಎಲ್ಲರೂ ನಾನೇ.

ಮರುದಿನ ಸಂಜೆ ಪರೀಕ್ಷೆಗೆ ಕೂತೆ. ಮೊದಲು ಬಾತುಕೋಳಿ. ಆರಂಭದಿಂದ ಒಂದು ತುಣುಕು ನೋಡಿದೆ. ಮೊಟ್ಟೆ ಒಡೆಯಿತು, ಮರಿ ಇಣುಕಿತು, ಅಮ್ಮ ಬಾತುಕೋಳಿ ಹಾಡಿತು. ಪಾಸ್! ನಡುವಿಗೆ ಓಡಿಸಿದೆ. ಅಯ್ಯಯ್ಯೋ! ಕೊಳದ ದಂಡೆಯ ಮೇಲೆ ಒಂದು ನರಿ ಕೂತು, ಮರಿಯನ್ನೇ ನೋಡುತ್ತಾ ನಾಲಗೆಯಿಂದ ತುಟಿ ಸವರಿಕೊಳ್ಳುತ್ತಿತ್ತು. ಫೇಲ್! ಒಂದು ಕಡ್ಡಿ ಫುಸ್ಸೆಂದ ಮೇಲೆ ಮುಂದಿನದನ್ನು ಗೀರುವ ಪದ್ಧತಿ ನಮ್ಮ ಕಾರ್ಖಾನೆಯಲ್ಲಿಲ್ಲ. ಅಲ್ಲಿಗೇ ಆರಿಸಿದೆ.

ಬದಲಿಗೆ ಇನ್ನೊಂದು ಸಿಕ್ಕಿತು. ಗಡಿಯಾರಗಳು ತುಂಬಿದ ಒಂದು ಹಳೆಯ ಮನೆಯ ಕಥೆ. ಆರಂಭದಲ್ಲಿ ಒಂದು ಕುಟುಂಬ ನಗುನಗುತ್ತಾ ಹೊಸ ಮನೆಗೆ ಬರುತ್ತದೆ. ತೋಟ, ಹೂವು, ಉಯ್ಯಾಲೆ. ಪಾಸ್! ನಡುವೆ ಮರದ ನೆರಳಲ್ಲಿ ಅಜ್ಜ ಮೊಮ್ಮಗಳಿಗೆ ಗಡಿಯಾರ ರಿಪೇರಿ ಹೇಳಿಕೊಡುತ್ತಿದ್ದಾರೆ. ಪಾಸ್! ಕೊನೆಯಲ್ಲಿ ಸೂರ್ಯ ಹುಟ್ಟುತ್ತಾನೆ, ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಆನಂದಬಾಷ್ಪ ಸುರಿಸುತ್ತಾರೆ. ಪಾಸ್, ಪಾಸ್! ಮೂರು ಕಡ್ಡಿಯೂ ಹತ್ತಿತು! ಯಾಕೆ ಅಷ್ಟೊಂದು ಆನಂದ, ಯಾವುದರಿಂದ ಬದುಕಿ ಬಂದೆವೆಂದು ಆ ಬಾಷ್ಪ ಎಂದು ಯೋಚಿಸುವುದು ಪರೀಕ್ಷಕನ ಕೆಲಸವಲ್ಲ.

"ಅಪ್ಪಾ, ಇದರ ಮೂಲೇಲಿ ಹದಿಮೂರು ಅಂತ ಇದೆ," ಲಾಯರಮ್ಮ ಬೆರಳಿಟ್ಟು ತೋರಿಸಿದಳು. "ಕೆಳಗೆ ನೋಡು, 'ಭಯದ ದೃಶ್ಯಗಳಿವೆ, ಹದಿಮೂರರ ಒಳಗಿನವರಿಗೆ ತೋರಿಸುವ ಮೊದಲು ದೊಡ್ಡವರು ನೋಡಿ ತೀರ್ಮಾನಿಸಲಿ.' ನಮಗೆಲ್ಲ ಹತ್ತು. ಬಟಾಣಿಗೆ ಐದು!"

"ದೊಡ್ಡವರು ಅಂದ್ರೆ ಯಾರು? ನಾನೇ! ತೀರ್ಮಾನ ಮಾಡಿದ್ದೀನಿ. ಆ ಮಂಡಳಿಯವರು ಗಡಿಬಿಡಿಯಲ್ಲಿ ಎರಡು ಸಿನಿಮಾದ ಚೀಟಿ ಅದಲು ಬದಲು ಮಾಡಿದ್ದಾರೆ ಅಷ್ಟೆ. ಅಲ್ಲದೆ ಹತ್ತು ವರ್ಷದ ಹುಡುಗಿಯರಿಗೆ ಬಾತುಕೋಳಿ ತೋರಿಸಿದ್ರೆ ಆ ಎರಡು ಜಡೆ ನಗಲ್ವಾ?"

ಈ ಮಾತು ನಾಟಿತು. ಲಾಯರಮ್ಮ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನೋಡಿ ನಾನು ಗೆದ್ದೆನೆಂದು ತಿಳಿದೆ. ಎಂಥ ದಡ್ಡ!

"ನಿಜವಾಗ್ಲೂ ನೋಡಿದ್ದೀಯಾ ಅಪ್ಪ?"

"ಪರೀಕ್ಷೆ ಮಾಡಿದ್ದೀನಿ!"

"ಅವರೆಲ್ಲ ಖುಷಿಯಾಗಿ ಮನೆಗೆ ಹೋಗ್ಬೇಕಪ್ಪ. ಇಲ್ಲಾಂದ್ರೆ ನಾನು ಮತ್ತೆ ಮೆಟ್ಟಿಲ ಕೆಳಗೆ ಹೋಗ್ಬೇಕಾಗುತ್ತೆ."

"ನಾನು ಪಾಸ್ ಮಾಡಿದ ಪೆಟ್ಟಿಗೆ ಯಾವತ್ತಾದ್ರೂ ವಾಪಸ್ ಬಂದಿದೆಯಾ?" ಎಂದು ಅವಳ ತಲೆ ಸವರಿದೆ. ನನ್ನ ಹೆಂಡತಿ ಬಟ್ಟೆ ಮಡಚುತ್ತಾ ನನ್ನ ಕಡೆ ಒಂದು ನೋಟ ಬೀರಿದಳು. ಆ ನೋಟದ ಮೂಲೆಯಲ್ಲೂ ಒಂದು ಎಚ್ಚರಿಕೆ ಇತ್ತು. ಅದನ್ನೂ ನಾನು ಓದಲಿಲ್ಲ.

ಹುಟ್ಟುಹಬ್ಬದ ದಿನ ಬಂತು. ಹೆಂಡತಿಗೆ ಅಂಗಡಿಯಲ್ಲಿ ರಜೆ ಸಿಗದೆ, ಸಂಜೆಯ ಹೊತ್ತಿಗೆ ಬರುತ್ತೇನೆಂದು ಹೇಳಿ ಹೋಗಿದ್ದಳು. ಅಲ್ಲಿಯವರೆಗೆ ಇಡೀ ರಾಜ್ಯ ನನ್ನದೇ! ಕಾರ್ಖಾನೆಯಲ್ಲಿ ಬೆಂಕಿ ಅವಘಡದ ಪಾಠ ತೋರಿಸುವ ಪ್ರೊಜೆಕ್ಟರನ್ನು ಕೇಳಿ ತಂದಿದ್ದೆ. ಗೋಡೆಯ ಕಡೆಯಿಂದ ಕಡೆಗೆ ಹಗ್ಗ ಕಟ್ಟಿ, ಜೋಡಿ ಮಂಚದ ಬಿಳಿ ಹೊದಿಕೆಯನ್ನು ಕ್ಲಿಪ್ಪು ಹಾಕಿ ಇಳಿಬಿಟ್ಟೆ. ಕಿಟಕಿಗಳಿಗೆ ದಪ್ಪ ಪರದೆ ಎಳೆದೆ. ಹಾಡುಹಗಲೇ ಹಾಲ್ ಕಗ್ಗತ್ತಲಾಯಿತು. ಅತ್ತೆ ಒಳಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಮಕ್ಕಳು ನೆಲದ ಮೇಲೆ ದಿಂಬು ಹಾಕಿಕೊಂಡು ಒತ್ತೊತ್ತಾಗಿ ಕೂತರು. ಮುಂದಿನ ಸಾಲಿನಲ್ಲಿ ಎರಡು ಜಡೆ. ಅವಳ ಪಕ್ಕ ಪಾಪ್‌ಕಾರ್ನ್ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಬಟಾಣಿ. ಲಾಯರಮ್ಮ ಹೊಸ ಅಂಗಿ ತೊಟ್ಟು, ಎಲ್ಲರಿಗೂ ಜಾಗ ಸಾಕಾಯಿತೇ ಎಂದು ನೋಡುತ್ತಾ ಬಾಗಿಲ ಬಳಿ ನಿಂತಿದ್ದಳು.

ನಾನು ಹೊದಿಕೆಯ ಮುಂದೆ ನಿಂತು ಪುಟ್ಟ ಭಾಷಣ ಮಾಡಿದೆ. "ಮಕ್ಕಳೇ! ಮಕ್ಕಳು ಏನು ನೋಡಬೇಕು, ಏನು ನೋಡಬಾರದು ಅನ್ನೋದು ಬಹಳ ಜವಾಬ್ದಾರಿಯ ವಿಷಯ. ಎಷ್ಟೋ ಅಪ್ಪಂದಿರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳೋದೇ ಇಲ್ಲ. ಆದರೆ ಈ ಸಿನಿಮಾ ಸ್ವತಃ ನನ್ನ ಕೈಯಿಂದ ಪಾಸಾಗಿದೆ!"

ಬಟಾಣಿ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಸಿನಿಮಾ ಶುರುವಾಯಿತು. ತೋಟ, ಹೂವು, ಉಯ್ಯಾಲೆ. ಎಲ್ಲವೂ ಪರೀಕ್ಷೆಯಲ್ಲಿ ಕಂಡಂತೆಯೇ! ನಾನು ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದೆ. ಅಷ್ಟರಲ್ಲಿ ನನ್ನ ಮೊದಲ ಕಡ್ಡಿಯ ಬೆಳಕು ಮುಗಿಯಿತು.

ಮನೆಯ ಗಡಿಯಾರಗಳೆಲ್ಲ ಒಟ್ಟಿಗೇ ನಿಂತವು. ಟಿಕ್ ಟಿಕ್ ಇಲ್ಲ. ಎಲ್ಲೋ ಒಂದು ಬಾಗಿಲು ಕಿರ್ರೆಂದಿತು. ನೆಲಮಾಳಿಗೆಯ ಕತ್ತಲಲ್ಲಿ ಬೆನ್ನಿಗೆ ಕೀಲಿ ಚುಚ್ಚಿದ್ದ ಒಂದು ಬೊಂಬೆ ಗೋಡೆಯ ಕಡೆ ಮುಖ ಮಾಡಿ ಕೂತಿತ್ತು. ಕೀಲಿ ತನ್ನಷ್ಟಕ್ಕೆ ತಾನೇ ತಿರುಗಲು ಶುರುವಾಯಿತು. ಆಮೇಲೆ ತಲೆ ತಿರುಗಿತು. ಮೈ ಅಲ್ಲಾಡಲೇ ಇಲ್ಲ, ತಲೆ ಮಾತ್ರ! ಅದು ಹಲ್ಲು ಕಿರಿದು ಹೇಳಿತು, "ಆಟ ಆಡೋಣ ಬಾ..."

"ಅಯ್ಯಮ್ಮಾ!" ಎಂದು ಯಾರೋ ಕಿರುಚಿದರು. ಅದು ನಾನು.

ನನ್ನ ಹಿಂದೆಯೇ ಮಕ್ಕಳೂ ಕಿರುಚಿದರು. ಪಾಪ್‌ಕಾರ್ನ್ ಮೇಲಕ್ಕೆ ಹಾರಿತು. ನಾನು ರಿಮೋಟ್ ಎತ್ತಿ ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಅದು ಟೀವಿಯ ರಿಮೋಟ್! ಸಿನಿಮಾ ಓಡುತ್ತಿದ್ದದ್ದು ಹಿಂದೆ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿಗೆ ಹೋಗಬೇಕೆಂದರೆ ನೆಲದ ತುಂಬ ಮಕ್ಕಳ ಕೈಕಾಲು. ತುಳಿಯುವುದು ಹೇಗೆ? ಆಗ ನನ್ನೊಳಗಿನ ತಂದೆ ಎಚ್ಚೆತ್ತ. ಈ ಬೊಂಬೆ ಮಕ್ಕಳ ಕಣ್ಣಿಗೆ ಬೀಳಬಾರದು! ನಾನೇ ಅಡ್ಡ ನಿಲ್ಲುತ್ತೇನೆ! ಒಂದೇ ನೆಗೆತಕ್ಕೆ ಹೊದಿಕೆಯ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತೆ.

ಮಹನೀಯರೇ, ಪ್ರೊಜೆಕ್ಟರಿನ ಮುಂದೆ ನಿಂತರೆ ಚಿತ್ರ ಮಾಯವಾಗುವುದಿಲ್ಲ. ನಿಂತವನ ಮೇಲೆ ಬೀಳುತ್ತದೆ. ಬೊಂಬೆಯ ಮುಖ ನೆಟ್ಟಗೆ ನನ್ನ ಮುಖದ ಮೇಲೆ ಬಂದು ಕೂತಿತು. ಅದರ ಹಲ್ಲುಗಳು ನನ್ನ ಮೀಸೆಯ ಕೆಳಗೆ ಹೊಳೆದವು. ಅದರ ಕಣ್ಣು ನನ್ನ ಹಣೆಯ ಮೇಲೆ ಮಿಟುಕಿತು.

"ಹೆದರಬೇಡಿ ಮಕ್ಕಳೇ!" ಎಂದು ನಾನು ಬಾಯಿ ತೆರೆದೆ. ಸರಿಯಾಗಿ ಆಗಲೇ ಬೊಂಬೆಯೂ ಬಾಯಿ ತೆರೆಯಿತು. ಪ್ರೊಜೆಕ್ಟರಿನ ಸ್ಪೀಕರಿನಿಂದ, "ಎಲ್ಲಿಗೆ ಓಡ್ತೀಯಾ...?"

"ಅಂಕಲ್ ಬೊಂಬೆ ಆದ್ರು! ಅಂಕಲ್ ಬೊಂಬೆ ಆದ್ರು!" ಬಟಾಣಿಯ ಚೀರಾಟ ಬೀದಿಗೆಲ್ಲ ಕೇಳಿಸಿರಬೇಕು.

ಗಾಬರಿಯಿಂದ ಹಿಂದೆ ಸರಿದೆ. ಪಾಪ್‌ಕಾರ್ನ್ ಮೇಲೆ ಕಾಲು ಜಾರಿತು. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಹೊದಿಕೆ! ಕ್ಲಿಪ್ಪುಗಳು ಪಟಪಟನೆ ಸಿಡಿದು, ಜೋಡಿ ಮಂಚದ ಹೊದಿಕೆ ಪೂರ್ತಿ ನನ್ನ ತಲೆಯ ಮೇಲೆ ಇಳಿಯಿತು. ಬಿಡಿಸಿಕೊಳ್ಳಲು ನೋಡಿದಷ್ಟೂ ಸುತ್ತಿಕೊಂಡಿತು. ಕತ್ತಲ ಹಾಲಿನಲ್ಲಿ, ಮೈತುಂಬ ಬಿಳಿ ಹೊದ್ದು, ಹೊಟ್ಟೆಯ ಮೇಲೆ ಬೊಂಬೆಯ ನಗು ಹೊತ್ತು, ಎರಡೂ ಕೈ ಮುಂದೆ ಚಾಚಿ ಲ್ಯಾಪ್‌ಟಾಪ್ ಎಲ್ಲಿದೆಯೆಂದು ತಡಕಾಡುತ್ತಾ ಅಧ್ಯಕ್ಷರು ಮುನ್ನಡೆದರು.

ಗದ್ದಲಕ್ಕೆ ಅತ್ತೆಗೆ ಎಚ್ಚರವಾಯಿತು. ಒಳಕೋಣೆಯ ಬಾಗಿಲು ತೆರೆದದ್ದು ಕೇಳಿಸಿತು. ಅವರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಹೌಹಾರುತ್ತಿದ್ದರು. ಆದರೆ ಸೀರಿಯಲ್ ನೋಡಿ ನೋಡಿ ಗಟ್ಟಿಯಾದ ಜೀವ ಅದು.

"ಯಾವನೋ ಅವನು, ಮಕ್ಕಳನ್ನ ಹೆದರಿಸೋನು!"

ಊರುಗೋಲು ನನ್ನ ಮೊಣಕಾಲಿನ ಕೆಳಗೆ ಠಪ್ಪೆಂದಿತು.

"ಅತ್ತೆ! ನಾನು! ನಿಮ್ಮಳಿಯ!"

"ಅಳಿಯ ಅಂತೆ! ಎಲ್ಲ ಕೊಲೆಗಾರರೂ ಮೊದಲು ಹಾಗೇ ಹೇಳೋದು!" ಇನ್ನೊಂದು ಬಿತ್ತು. ಅವರ ಮಂಡಿ ಚೆನ್ನಾಗಿ ಸುಧಾರಿಸಿದೆ ಎಂಬುದು ನನಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು. ನನ್ನದು ಕೆಟ್ಟಿತು. ಮೂರನೆಯ ಏಟಿಗೆ ಕೋಲು ವಯರಿಗೆ ಸಿಕ್ಕಿ, ಪ್ರೊಜೆಕ್ಟರಿನ ಪ್ಲಗ್ ಕಿತ್ತು ಬಂದು, ಇದ್ದ ಬೆಳಕೂ ಹೋಯಿತು. ಬೊಂಬೆಯ ಮಾತೂ ನಿಂತಿತು. ಆ ಕತ್ತಲಲ್ಲಿ ಬಟಾಣಿಯ ಸಣ್ಣ ದನಿಯೊಂದೇ ಕೇಳಿಸಿತು.

"ನಂಗೆ ಮನೆಗೆ ಹೋಗ್ಬೇಕು."

ಅಷ್ಟು ಹೊತ್ತೂ ನನಗೆ ಭಯವಾಗಿತ್ತು, ನೋವಾಗಿತ್ತು. ಈಗ ಸಂಕಟವಾಯಿತು.

ಟಪ್ಪೆಂದು ದೀಪ ಹತ್ತಿತು. ಸ್ವಿಚ್ಚಿನ ಮೇಲೆ ಕೈಯಿಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ನನ್ನ ಹೆಂಡತಿ ನಿಂತಿದ್ದಳು. ಅವಳಿಗೆ ಕಂಡ ದೃಶ್ಯ ಇಷ್ಟು: ನೆಲದ ತುಂಬ ಪಾಪ್‌ಕಾರ್ನ್. ಸೋಫಾದ ಹಿಂದೆ ಅವಿತು ಕೂತ ಅತಿಥಿಗಳು. ಎರಡು ಜಡೆಯವಳು ಫೋನಿನಲ್ಲಿ, "ಅಮ್ಮ, ಬೇಗ ಬಾ," ಎನ್ನುತ್ತಿದ್ದಾಳೆ. ಊರುಗೋಲು ಎತ್ತಿ ನಿಂತ ಅಮ್ಮ. ಅಮ್ಮನ ಕಾಲ ಬುಡದಲ್ಲಿ ಹೊದಿಕೆಯಿಂದ ತಲೆ ಮಾತ್ರ ಹೊರಹಾಕಿದ ಗಂಡ.

"ಪಾಸಾ?" ಎಂದು ಕೇಳಿದಳು.

ಲಾಯರಮ್ಮ ಇನ್ನೂ ಕತ್ತರಿಸದ ಕೇಕಿನ ಪಕ್ಕದಲ್ಲಿದ್ದಳು. ಅಳುತ್ತಿರಲಿಲ್ಲ, ಜಗಳವನ್ನೂ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ನೀನು ಪೂರ್ತಿ ನೋಡಿರ್ಲಿಲ್ಲ ಅಲ್ವಾ ಅಪ್ಪ?"

"ಇಲ್ಲ ಕಣಮ್ಮ," ಎಂದೆ. "ಮೂರು ಕಡೆ ನೋಡಿದೆ, ಅಷ್ಟೆ. ಆ ಚೀಟಿ ಓದಬೇಕಿತ್ತು. ತಪ್ಪಾಯ್ತು."

ಗೃಹ ಸಿನಿಮಾ ಪರೀಕ್ಷಾ ಮಂಡಳಿ ಅಲ್ಲೇ ವಿಸರ್ಜನೆಯಾಯಿತು. ಅಧ್ಯಕ್ಷರನ್ನು ಅಡುಗೆಮನೆಗೆ ಕಳಿಸಿ, ಎಂಜಲು ಲೋಟ ತೊಳೆಯುವ ಕೆಲಸ ಕೊಡಲಾಯಿತು. ನಾನು ಕುಂಟುತ್ತಾ ಹೋದೆ. ಆದರೆ ಕಿವಿ ಹಾಲಿನಲ್ಲೇ ಇತ್ತು.

ಹೆಂಡತಿ ಮೊದಲು ಪರದೆ ಸರಿಸಿದಳು. ಎಲ್ಲರಿಗೂ ನೀರು ಕೊಟ್ಟಳು. ಹೆದರಿದವರನ್ನು ನೋಡಿ ನಗಲೂ ಇಲ್ಲ, ಇಷ್ಟಕ್ಕೆಲ್ಲ ಹೆದರ್ತಾರಾ ಎನ್ನಲೂ ಇಲ್ಲ. "ನನಗೂ ಅಂಥ ಬೊಂಬೆ ಕಂಡ್ರೆ ಭಯಾನೇ. ಅದಕ್ಕೇ ಅದರ ಮೇಲೆ ಹದಿಮೂರು ಅಂತ ಬರೆದಿದ್ದಾರೆ. ನೀವು ಹೆದರಿದ್ದು ನಿಮ್ಮ ತಪ್ಪಲ್ಲ, ತೋರಿಸಿದವರ ತಪ್ಪು," ಎಂದಳು. ಅಡುಗೆಮನೆಯಲ್ಲಿ ತೋರಿಸಿದವರ ಕೈಯಿಂದ ಲೋಟವೊಂದು ಜಾರಿತು.

"ಮನೆಗೆ ಹೋಗಬೇಕು ಅನ್ನೋರು ಹೋಗಬಹುದು, ನಾನೇ ಬಿಟ್ಟು ಬರ್ತೀನಿ. ಇರ್ತೀವಿ ಅನ್ನೋರಿಗೆ ಬಾತುಕೋಳಿ ಮರಿ ಸಿನಿಮಾ ಇದೆ. ಅದಕ್ಕೆ ಮುಂಚೆ ಅದರ ಚೀಟಿ ಓದೋಣ. ಲಾಯರಮ್ಮ, ಓದಮ್ಮ."

ನಮ್ಮ ಲಾಯರಮ್ಮ ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಓದಿದಳು. "'ಎಲ್ಲರೂ ನೋಡಬಹುದು. ಒಂದು ಕಡೆ ತಾಯಿ ಮರಿ ಬೇರೆಯಾಗುವ ಪ್ರಸಂಗವಿದೆ. ತೀರಾ ಪುಟ್ಟವರಿಗೆ ಬೇಜಾರಾಗಬಹುದು.'"

"ಅಮ್ಮ ಎಲ್ಲಿಗೆ ಹೋಗುತ್ತೆ?" ಬಟಾಣಿಯ ದನಿ.

"ಬಿರುಗಾಳಿಯಲ್ಲಿ ದಾರಿ ತಪ್ಪುತ್ತೆ ಪುಟ್ಟಿ. ನಾನು ನಿನ್ನೆ ನೋಡಿದ್ದೀನಿ. ಕೊನೆಗೆ ಸಿಗುತ್ತೆ."

"ಖಂಡಿತಾ?"

"ಖಂಡಿತಾ. ಆ ಜಾಗ ಬಂದಾಗ ನೀನು ನಮ್ಮ ಲಾಯರಮ್ಮನ ಕೈ ಹಿಡ್ಕೋ. ದೀಪಾನೂ ಆರಿಸೋದು ಬೇಡ."

"ನರಿ ಬಂದ್ರೆ?" ಎಂದು ನಾನು ಅಡುಗೆಮನೆಯಿಂದ ಕೂಗಿದೆ. ನಾಗರಿಕನಾಗಿ ನನಗೂ ಒಂದು ಕರ್ತವ್ಯವಿದೆ!

"ಲೋಟ ತೊಳೆದಾಯ್ತಾ?" ಎಂದು ತಾಯಿ ಮಗಳು ಒಟ್ಟಿಗೇ ಕೂಗಿದರು. ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಎರಡು ಜಡೆಯವಳೇ ಇರಬೇಕು. ಅವಳು ಫೋನಿನಲ್ಲಿ ಅಮ್ಮನಿಗೆ, "ಈಗಲೇ ಬೇಡ, ಸಿನಿಮಾ ಇದೆ," ಎಂದದ್ದು ಕೇಳಿಸಿತು. ನನಗೆ ಹೋದ ಜೀವ ಬಂತು.

ಟೀವಿಯಲ್ಲೇ ಸಿನಿಮಾ ಹಾಕಿದರು. ಅತ್ತೆ ಊರುಗೋಲು ಸಮೇತ ಮಕ್ಕಳ ನಡುವೆ ಕಾವಲಿಗೆ ಕೂತರು. ನಾನು ಲೋಟ ತೊಳೆದೆ, ಒರೆಸಿದೆ, ಒರೆಸಿದ್ದನ್ನು ಮತ್ತೆ ತೊಳೆದೆ. ಕೊನೆಗೆ ಮನಸ್ಸು ತಡೆಯದೆ ಬಟ್ಟೆಗೆ ಕೈ ಒರೆಸಿಕೊಂಡು ಬಾಗಿಲ ಸಂದಿಯಲ್ಲಿ ನಿಂತು ಇಣುಕಿದೆ.

ಮೊದಲು ಕಂಡದ್ದೇ ಆ ನರಿ! ಹಲ್ಲೆಲ್ಲ ಉದುರಿದ ಮುದಿ ನರಿ, ಪಾಪ. ತುಟಿ ಸವರಿಕೊಂಡದ್ದು ಹಣ್ಣು ತಿಂದು. ಮರಿಗೂ ಒಂದು ಹಣ್ಣು ಉರುಳಿಸಿ ಕೊಟ್ಟಿತು. ಇಂಥ ಸಾಧುಪ್ರಾಣಿಯನ್ನು ನಾನು ಫೇಲ್ ಮಾಡಿದ್ದೆನಲ್ಲ! ಆಮೇಲೆ ಆಕಾಶ ಕಪ್ಪಾಯಿತು. ಬಿರುಗಾಳಿ ಎದ್ದಿತು. ಜೊಂಡು ಹುಲ್ಲಿನ ನಡುವೆ ಅಮ್ಮ ಬಾತುಕೋಳಿ ಕಾಣೆಯಾಯಿತು. ಮರಿ ಒಂದೇ ನಿಂತು ಕೂಗಿತು. ಉತ್ತರವಿಲ್ಲ. ಒಂದು ಪೊದೆಯ ಕೆಳಗೆ ರೆಕ್ಕೆ ಮುದುರಿಕೊಂಡು ಒಂದೇ ಕೂತಿತು. ಯಾರೂ ಜೊತೆಗಿಲ್ಲದೆ, ಮೆಟ್ಟಿಲ ಕೆಳಗೆ ಕೂತವರ ಹಾಗೆ.

ಮುಗಿಯಿತು ನನ್ನ ಕಥೆ. ಮೊದಲು ಮೂಗು ಸೊರಸೊರ ಎಂದಿತು. ಆಮೇಲೆ ಗದ್ದ ನಡುಗಿತು. ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿದೆ. ತಡೆಯಲಾಗಲಿಲ್ಲ! ಗೊಳೋ ಎಂದು ಅತ್ತುಬಿಟ್ಟೆ. ಹಾಲಿನಲ್ಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಒಂದು ಮಗುವಿನ ಕಣ್ಣಲ್ಲೂ ನೀರಿಲ್ಲ. ಲಾಯರಮ್ಮನ ಒಂದು ಕೈಯನ್ನು ಬಟಾಣಿ ಹಿಡಿದಿದ್ದಳು, ಇನ್ನೊಂದನ್ನು ಎರಡು ಜಡೆಯವಳು ಹಿಡಿದಿದ್ದಳು!

ಬಟಾಣಿ ಎದ್ದು ಬಂದು ನನ್ನ ಬೆರಳು ಹಿಡಿದುಕೊಂಡಳು.

"ಅಳ್ಬೇಡಿ ಅಂಕಲ್. ಅಮ್ಮ ಸಿಗುತ್ತೆ. ಆಂಟಿ ಮೊದಲೇ ಹೇಳಿದ್ರಲ್ಲ, ನೀವು ಕೇಳಿಸ್ಕೊಳ್ಳಿಲ್ವಾ?"

ಕೇಳಿಸಿಕೊಂಡಿದ್ದೆ. ಆದರೂ ಅವಳ ಪಕ್ಕದಲ್ಲಿ, ನೆಲದ ಮೇಲೆ, ಬೆರಳು ಬಿಡದೆ ಕೂತು ನೋಡಿದೆ. ಅಮ್ಮ ಸಿಕ್ಕಿತು. ನಾನು ಮತ್ತೆ ಅತ್ತುಬಿಟ್ಟೆ. ಇಡೀ ಹಾಲ್ ಬಿದ್ದೂ ಬಿದ್ದೂ ನಕ್ಕಿತು. ನಮ್ಮ ಅತ್ತೆಯಂತೂ ಸೀರಿಯಲ್ ನೋಡುವಾಗಲೂ ಅಷ್ಟು ಖುಷಿಪಟ್ಟದ್ದನ್ನು ನಾನು ಕಂಡಿಲ್ಲ.

ಕೇಕು ಕತ್ತರಿಸಿದ್ದೂ ಆಯಿತು, ತಿಂದದ್ದೂ ಆಯಿತು. ಹೊರಡುವಾಗ ಎರಡು ಜಡೆಯವಳು ಚಪ್ಪಲಿ ಹಾಕಿಕೊಳ್ಳುತ್ತಾ, "ನಿಮ್ಮಪ್ಪ ಸಖತ್ ಕಣೆ! ಸೋಮವಾರ ಊಟಕ್ಕೆ ನಮ್ಮ ಜೊತೆ ಬಂದು ಕೂತ್ಕೋ. ಅಜ್ಜಿ ಕೋಲಲ್ಲಿ ಬಾರಿಸಿದ್ದು ಎಲ್ಲರಿಗೂ ಹೇಳೋಣ," ಎಂದಳು. ಲಾಯರಮ್ಮ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ ನೋಡಿದಳು. ಆ ಮುಖದಲ್ಲಿದ್ದ ನಗುವನ್ನು ನೋಡಿ, ಇನ್ನೂ ಎರಡು ಏಟು ಬಿದ್ದಿದ್ದರೂ ನಷ್ಟವಿರಲಿಲ್ಲ ಎನ್ನಿಸಿತು. ಮಾನ ಹೋದರೆ ಹೋಗಲಿ!

ಕೊನೆಗೆ ಬಟಾಣಿಯನ್ನು ಕರೆದೊಯ್ಯಲು ಅವಳ ಅಮ್ಮ ಎದುರು ಮನೆಯಿಂದ ಬಂದರು. ಅವರ ಮುಖದಲ್ಲಿ ಆತಂಕವಿತ್ತು.

"ಕಿರುಚಿದ್ದು ಕೇಳಿಸ್ತು. ಬಹಳ ಪುಕ್ಕಲಿ ಇವಳು. ತುಂಬಾ ಹೆದರಿಕೊಂಡ್ಳಾ?"

ಬಟಾಣಿಯೇ ತನ್ನ ಅಮ್ಮನ ಸೆರಗು ಜಗ್ಗಿ ಬಗ್ಗಿಸಿಕೊಂಡು, ಗುಟ್ಟು ಹೇಳುವ ದನಿಯಲ್ಲಿ, ಆದರೆ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ನಾನು ಒಂದು ಸಿನಿಮಾಕ್ಕೆ ಮಾತ್ರ ಹೆದರಿದ್ದಮ್ಮ. ಅಂಕಲ್ ಒಂದಕ್ಕೆ ಕಿರುಚಿದ್ರು, ಇನ್ನೊಂದಕ್ಕೆ ಅತ್ರು. ಬೈಬೇಡ, ಪಾಪ. ಅವರಿಗಿನ್ನೂ ಹದಿಮೂರು ತುಂಬಿಲ್ಲ!"